ಎದುರಲ್ಲೇ ಸೊಪ್ಪಿದ್ದರೂ ರೇಷ್ಮೆ ಹುಳು ತಿನ್ನುವುದನ್ನು ಬಿಡುವುದೇಕೆ?

ರೇಷ್ಮೆ ಹುಳು ಐದನೇ ಹಂತಕ್ಕೆ ಬಂತೆಂದರೆ ಸೊಪ್ಪು ಕೊಯ್ದು ತಂದು ಹಾಕುವುದೇ ಮನೆಮಂದಿಗೆಲ್ಲ ಕೆಲಸ. ಒಂದು ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಜಾಸ್ತಿ ಭಾಗ ಈ ಕೊನೆಯ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ. ಆಮೇಲೆ ಒಂದು ದಿನ ಹುಳು ಸೊಪ್ಪು ಬಿಡುತ್ತದೆ. ಎಷ್ಟೇ ಒಳ್ಳೆಯ ಹಿಪ್ಪುನೇರಳೆ ಎಲೆ ಹಾಕಿದರೂ ಬಾಯಿ ಹಾಕುವುದಿಲ್ಲ. ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತದೆ. ಮೈ ಹಳದಿಗೆ ತಿರುಗಿ, ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ತಲೆ ಎತ್ತಿ ಆಡಿಸುತ್ತಾ ಜಾಗ ಹುಡುಕುತ್ತದೆ. ಹುಳು ಹಣ್ಣಾಯಿತು ಎಂದು ರೈತರು ಆರಿಸಿ, ಗೂಡು ಕಟ್ಟಲೆಂದೇ ಇರುವ ಚಂದ್ರಿಕೆಗೆ ಬಿಡುತ್ತಾರೆ.

ಹೊಟ್ಟೆ ತುಂಬಿತು, ಅದಕ್ಕೇ ಬಿಟ್ಟಿತು ಅನ್ನೋಣವೇ? ಹಿಂದಿನ ದಿನವೂ ಅದರ ಹೊಟ್ಟೆ ತುಂಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತಿನ್ನಲು ಶುರು ಮಾಡಿತ್ತು. ಈ ಸಲ ಹಾಗಲ್ಲ. ಇನ್ನು ಅದು ಜೀವಮಾನದಲ್ಲಿ ಮತ್ತೆ ತಿನ್ನುವುದೇ ಇಲ್ಲ. ಗೂಡು ಕಟ್ಟುವುದು, ಗೂಡಿನೊಳಗೆ ಪ್ಯೂಪಾ ಆಗುವುದು, ಚಿಟ್ಟೆಯಾಗಿ ಹೊರಬಂದು ಜೋಡಿಯಾಗಿ ಮೊಟ್ಟೆ ಇಡುವುದು, ಎಲ್ಲವೂ ಈವರೆಗೆ ಮೈಯಲ್ಲಿ ಕೂಡಿಟ್ಟದ್ದರಿಂದಲೇ ನಡೆಯಬೇಕು. ಇಷ್ಟು ದೊಡ್ಡ ತೀರ್ಮಾನವನ್ನು ಹೊಟ್ಟೆಯೊಂದೇ ಮಾಡಲಾರದು. ಅದರ ಹಿಂದೆ ಮಿದುಳಿನ ಕೆಲವೇ ನರಕೋಶಗಳು ಸುರಿಸುವ ಸಣ್ಣ ಸಣ್ಣ ಅಣುಗಳಿವೆ. ಅವುಗಳ ಹೆಸರು ನ್ಯೂರೋಪೆಪ್ಟೈಡ್.

ಅಮೈನೋ ಆಮ್ಲಗಳು ನೂರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಜೋಡಿಸಿಕೊಂಡರೆ ಪ್ರೋಟೀನ್. ಐದು, ಹತ್ತು, ಮೂವತ್ತು ಮಾತ್ರ ಜೋಡಿಸಿಕೊಂಡರೆ ಪೆಪ್ಟೈಡ್. ನರಕೋಶದಲ್ಲಿ ತಯಾರಾಗುವ ಪೆಪ್ಟೈಡ್ ನ್ಯೂರೋಪೆಪ್ಟೈಡ್. ಜೀವಕೋಶ ಮೊದಲು ಒಂದು ಉದ್ದನೆಯ ಪ್ರೋಟೀನ್ ತಯಾರಿಸುತ್ತದೆ. ಆಮೇಲೆ ಅದನ್ನು ಗೊತ್ತಾದ ಜಾಗಗಳಲ್ಲಿ ತುಂಡರಿಸುತ್ತದೆ. ಒಂದೇ ಉದ್ದನೆಯ ಪ್ರೋಟೀನಿನಿಂದ ನಾಲ್ಕೈದು ಬೇರೆ ಬೇರೆ ಪೆಪ್ಟೈಡ್‌ಗಳು ಬರುವುದೂ ಉಂಟು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ರೇಷ್ಮೆ ಮೊಟ್ಟೆಯ ವಿಚಾರ ಬಂದಾಗ ಬೇಕಾಗುತ್ತದೆ.

ನರಕೋಶಗಳು ಮಾಮೂಲಾಗಿ ಪಕ್ಕದ ಕೋಶದ ಜೊತೆ ಮಾತ್ರ ವ್ಯವಹರಿಸುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಸಂದೇಶ ತಲುಪಿ, ಅಳಿಸಿಯೂ ಹೋಗಿರುತ್ತದೆ. ನ್ಯೂರೋಪೆಪ್ಟೈಡ್‌ನದು ಊರಲ್ಲಿ ಡಂಗುರ ಸಾರಿದಂಥ ಕೆಲಸ. ಸದ್ದು ಎಲ್ಲರಿಗೂ ಕೇಳುತ್ತದೆ, ಸಂಬಂಧಪಟ್ಟವರು ಮಾತ್ರ ಎದ್ದು ಹೊರಡುತ್ತಾರೆ. ಕೀಟಗಳ ದೇಹದಲ್ಲಿ ಇದು ಸುಲಭ. ಅವುಗಳಲ್ಲಿ ನಮ್ಮ ಹಾಗೆ ರಕ್ತನಾಳಗಳ ಜಾಲವಿಲ್ಲ. ಒಳಗಿನ ಅಂಗಗಳೆಲ್ಲ ರಕ್ತದಂಥ ಒಂದು ದ್ರವದಲ್ಲೇ ಮುಳುಗಿರುತ್ತವೆ. ಮಿದುಳಿನ ಹಿಂದಿರುವ ಒಂದು ಜೋಡಿ ಪುಟ್ಟ ಗ್ರಂಥಿಗಳ ಮೂಲಕ ಈ ದ್ರವಕ್ಕೆ ಪೆಪ್ಟೈಡ್ ಬಿಟ್ಟರೆ ಕರುಳು, ಸ್ನಾಯು, ಕೊಬ್ಬು, ಅಂಡಾಶಯ ಎಲ್ಲಕ್ಕೂ ತಲುಪುತ್ತದೆ. ಯಾವ ಅಂಗದ ಕೋಶಗಳ ಮೇಲೆ ಆ ಪೆಪ್ಟೈಡನ್ನು ಗುರುತಿಸುವ ಗ್ರಾಹಕ ಇದೆಯೋ ಆ ಅಂಗ ಮಾತ್ರ ಸ್ಪಂದಿಸುತ್ತದೆ. ಹಾಗಾಗಿ ಒಂದೇ ಪೆಪ್ಟೈಡ್ ಒಂದು ಕಡೆ ಕರುಳಿನ ಚಲನೆ ನಿಧಾನ ಮಾಡಿ, ಇನ್ನೊಂದು ಕಡೆ ಹಸಿವು ತಗ್ಗಿಸಿ, ಮತ್ತೊಂದು ಕಡೆ ಒಂದು ಹಾರ್ಮೋನನ್ನು ನಿಲ್ಲಿಸಬಲ್ಲದು. ಅಲಾಟೋಸ್ಟಾಟಿನ್ ಎಂಬ ಪೆಪ್ಟೈಡ್ ಗುಂಪಿನಲ್ಲಿ ಈ ಮೂರೂ ಬಗೆಯ ಕೆಲಸಗಳನ್ನು ಕಂಡಿದ್ದಾರೆ.

ಮಿದುಳು ಹಾರ್ಮೋನು ಸುರಿಸುತ್ತದೆ ಎಂದು ಗೊತ್ತಾದ ಬಗೆ

ಪೋಲೆಂಡಿನ ಸ್ಟೆಫಾನ್ ಕೊಪೆಚ್ ಎಂಬ ಜೀವವಿಜ್ಞಾನಿ ಜಿಪ್ಸಿ ಪತಂಗದ ಕಂಬಳಿಹುಳುಗಳ ಮೇಲೆ ಮಾಡಿದ ಪ್ರಯೋಗಗಳು 1922ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಬೇಕಾದ ಸಲಕರಣೆ ತೀರಾ ಕಡಿಮೆ. ಕೊನೆಯ ಹಂತದ ಹುಳುವಿನ ನಡುವಿಗೆ ದಾರ ಬಿಗಿದರು. ಬೇಗ ಬಿಗಿದರೆ ಮುಂದಿನ ಅರ್ಧ ಮಾತ್ರ ಪ್ಯೂಪಾ ಆಯಿತು, ಹಿಂದಿನ ಅರ್ಧ ಹುಳುವಾಗಿಯೇ ಉಳಿಯಿತು. ಕೆಲವು ದಿನ ತಡೆದು ಬಿಗಿದರೆ ಎರಡೂ ಅರ್ಧ ಪ್ಯೂಪಾ ಆದವು. ಅಂದರೆ ಮುಂಭಾಗದಿಂದ ಏನೋ ಒಂದು ಹರಿದು ಹಿಂದಕ್ಕೆ ಹೋಗಬೇಕು. ನರದ ಹುರಿ ಕತ್ತರಿಸಿದರೂ ಬದಲಾವಣೆ ನಿಲ್ಲಲಿಲ್ಲ. ಹಾಗಾದರೆ ಅದು ನರದ ಮೂಲಕ ಹೋಗುವುದಲ್ಲ, ದ್ರವದಲ್ಲಿ ಹೋಗುವುದು. ಮಿದುಳನ್ನೇ ಬೇಗ ತೆಗೆದರೆ ಹುಳು ಪ್ಯೂಪಾ ಆಗಲೇ ಇಲ್ಲ.

ಮಿದುಳೂ ಒಂದು ಗ್ರಂಥಿಯ ಹಾಗೆ ಹಾರ್ಮೋನು ಸುರಿಸುತ್ತದೆ ಎಂದು ಪ್ರಾಣಿಲೋಕದಲ್ಲೇ ಮೊದಲು ತೋರಿಸಿದ ಕೆಲಸ ಇದು. ಇಷ್ಟು ಸರಳವಾಗಿ ಇಷ್ಟು ದೊಡ್ಡ ವಿಷಯ ಹೇಳಿದ ಪ್ರಯೋಗ ಜೀವವಿಜ್ಞಾನದಲ್ಲಿ ಅಪರೂಪ ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಕಾಲದಲ್ಲಿ ಹೆಚ್ಚಿನವರು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1941ರಲ್ಲಿ ನಾಜಿಗಳು ಕೊಪೆಚ್ ಅವರನ್ನು ಗುಂಡಿಟ್ಟು ಕೊಂದರು.

ಅಣುವನ್ನು ಕೈಗೆ ಹಿಡಿಯಲು ಇನ್ನೂ ಹಲವು ದಶಕ ಬೇಕಾದವು. ಕೀಟಗಳಲ್ಲಿ ಪೂರ್ತಿ ರಚನೆ ತಿಳಿದ ಮೊದಲ ನ್ಯೂರೋಪೆಪ್ಟೈಡ್ ಪ್ರಾಕ್ಟೋಲಿನ್. ಅದು 1975ರಲ್ಲಿ ಕೆನಡಾದಲ್ಲಿ ಜಿರಳೆಗಳಿಂದ ಸಿಕ್ಕಿತು. ಅದರಲ್ಲಿರುವುದು ಐದೇ ಐದು ಅಮೈನೋ ಆಮ್ಲ. ಇಷ್ಟನ್ನು ತಿಳಿಯಲು 1,25,000 ಜಿರಳೆಗಳನ್ನು ಅರೆಯಬೇಕಾಯಿತು. ಕೊನೆಗೆ ಕೈಗೆ ಬಂದದ್ದು 180 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಐದು ಸಾವಿರದಲ್ಲೊಂದು ಪಾಲೂ ಇಲ್ಲ.

ಮತ್ತೆ ನಮ್ಮ ಹುಳುವಿಗೆ

ರೇಷ್ಮೆ ಹುಳುವಿನ ಮಿದುಳಿನಲ್ಲಿ ಎರಡು ಜೋಡಿ ದೊಡ್ಡ ನರಕೋಶಗಳಿವೆ. ಅವು ಸುರಿಸುವ ಪೆಪ್ಟೈಡಿಗೆ ಪಿಟಿಟಿಎಚ್ ಎಂದು ಹೆಸರು. ಅದು ಎದೆಭಾಗದ ಒಂದು ಗ್ರಂಥಿಯನ್ನು ತಲುಪಿ ಎಕ್ಡೈಸೋನ್ ಎಂಬ ಸ್ಟೆರಾಯ್ಡ್ ಹಾರ್ಮೋನನ್ನು ಹೊರಡಿಸುತ್ತದೆ. ಎಕ್ಡೈಸೋನ್ ಏರಿದಾಗ ಹುಳು ತಿನ್ನುವುದನ್ನು ಬಿಟ್ಟು ಮೈ ಬದಲಾಯಿಸಲು ತೊಡಗುತ್ತದೆ.

ರೈತರು 'ಜ್ವರಕ್ಕೆ ಕೂತಿದೆ' ಎನ್ನುತ್ತಾರಲ್ಲ, ಅದು ಇದೇ. ಪ್ರತಿ ಹಂತದ ಕೊನೆಗೆ ಹುಳು ಸುಮಾರು ಒಂದು ದಿನ ತಲೆ ಎತ್ತಿ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಎದ್ದ ಮೇಲೆ ಮತ್ತೆ ತಿನ್ನುತ್ತದೆ. ನಾಲ್ಕು ಜ್ವರ ಹೀಗೇ ಕಳೆಯುತ್ತವೆ. ಐದನೇ ಹಂತದ ಕೊನೆಗೂ ಪಿಟಿಟಿಎಚ್ ಬರುತ್ತದೆ, ಎಕ್ಡೈಸೋನ್ ಏರುತ್ತದೆ. ಆದರೆ ಹುಳು ಇನ್ನೊಂದು ಜ್ವರಕ್ಕೆ ಕೂರದೆ ಹಣ್ಣಾಗುತ್ತದೆ. ಯಾಕೆ? ಇಲ್ಲಿ ಜುವೆನೈಲ್ ಹಾರ್ಮೋನ್ ಎಂಬ ಇನ್ನೊಂದು ಹಾರ್ಮೋನಿನ ಪಾತ್ರವಿದೆ. ಅದು ಮೈಯಲ್ಲಿ ಇರುವಷ್ಟು ಕಾಲ ಎಕ್ಡೈಸೋನ್ ಬಂದರೂ ಹುಳು ಹುಳುವಾಗಿಯೇ ದೊಡ್ಡದಾಗುತ್ತದೆ. ಐದನೇ ಹಂತದಲ್ಲಿ ಅದು ಇಳಿದುಹೋಗಿರುತ್ತದೆ. ಆಗ ಬರುವ ಎಕ್ಡೈಸೋನ್ ಗೂಡಿನ ದಾರಿ ಹಿಡಿಸುತ್ತದೆ. ಈ ಜುವೆನೈಲ್ ಹಾರ್ಮೋನನ್ನು ಏರಿಸುವ, ಇಳಿಸುವ ಕೆಲಸದಲ್ಲೂ ಮಿದುಳಿನ ಪೆಪ್ಟೈಡ್‌ಗಳು ಇವೆ.

ಮಿದುಳಿಗೆ ಸಮಯ ಹೇಗೆ ಗೊತ್ತಾಗುತ್ತದೆ ಎನ್ನುವುದು ಮುಂದಿನ ಪ್ರಶ್ನೆ. ಹುಳುವಿಗೆ ಒಂದು ಗಡಿ ತೂಕವಿದೆ. ಅದನ್ನು ಮುಟ್ಟುವ ಮೊದಲೇ ಸೊಪ್ಪು ನಿಂತರೆ ಹುಳು ಗೂಡು ಕಟ್ಟಲಾರದು. ಮುಟ್ಟಿದ ಮೇಲೆ ಸೊಪ್ಪು ನಿಂತರೆ ಸಣ್ಣದೋ ತೆಳುವೋ ಒಂದು ಗೂಡು ಕಟ್ಟಿಯೇ ಕಟ್ಟುತ್ತದೆ. ತಿಂದದ್ದರ ಲೆಕ್ಕ ಮೈಯಿಂದ ಮಿದುಳಿಗೆ ಹೋಗುತ್ತಲೇ ಇರುತ್ತದೆ.

ಈ ಜ್ಞಾನ ಕರ್ನಾಟಕದ ಹುಳುಮನೆಗಳವರೆಗೂ ಬಂದಿದೆ. ಹುಳುಗಳು ಒಂದಿಷ್ಟು ಇವತ್ತು, ಒಂದಿಷ್ಟು ನಾಳೆ ಹಣ್ಣಾದರೆ ಆರಿಸುವ ಕೂಲಿ ಜಾಸ್ತಿ. ಅದಕ್ಕೇ ಕೆಲವು ಗಿಡಗಳಲ್ಲಿ ಸಿಗುವ ಎಕ್ಡೈಸೋನಿನಂಥ ರಾಸಾಯನಿಕವನ್ನು ಸೊಪ್ಪಿನ ಮೇಲೆ ಸಿಂಪಡಿಸಿ, ಹುಳುಗಳು ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುವಂತೆ ಮಾಡುತ್ತಾರೆ. ಇದರ ತಿರುಗುಮುರುಗು ಆಗುವುದೂ ಇದೆ. ಬಿಳಿನೊಣಕ್ಕೆ ಹೊಡೆಯುವ ಕೆಲವು ಔಷಧಿಗಳು ಜುವೆನೈಲ್ ಹಾರ್ಮೋನನ್ನು ಹೋಲುತ್ತವೆ, ಉದಾಹರಣೆಗೆ ಪೈರಿಪ್ರಾಕ್ಸಿಫೆನ್. ಅದು ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಸಾಯದೆಯೂ ಬೆಳೆ ಹಾಳಾಗಬಹುದು. ಹುಳು ತಿನ್ನುತ್ತಲೇ ಇರುತ್ತದೆ, ದಪ್ಪವಾಗುತ್ತದೆ, ಗೂಡು ಮಾತ್ರ ಕಟ್ಟುವುದಿಲ್ಲ.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ಸುಲಿನ್

ಪಿಟಿಟಿಎಚ್ ಹುಡುಕಾಟದಲ್ಲಿ ಜಪಾನಿನ ನಗೋಯಾ ಮತ್ತು ಟೋಕಿಯೋ ವಿಶ್ವವಿದ್ಯಾಲಯಗಳ ತಂಡಗಳು ಲಕ್ಷಗಟ್ಟಲೆ ರೇಷ್ಮೆ ಚಿಟ್ಟೆಗಳ ತಲೆಗಳನ್ನು ಅರೆದು ಸಾರ ತೆಗೆದವು. ಯಾವ ಸಾರದಲ್ಲಿ ಹಾರ್ಮೋನು ಇದೆ ಎಂದು ಪರೀಕ್ಷಿಸಲು ಎರಿ ಹುಳುವಿನ ಪ್ಯೂಪಾಗಳನ್ನು ಬಳಸಿದವು. ಅಸ್ಸಾಮಿನಲ್ಲಿ ಹರಳೆಲೆ ತಿನ್ನಿಸಿ ಸಾಕುತ್ತಾರಲ್ಲ, ಅದೇ ಎರಿ. ಮಿದುಳು ತೆಗೆದ ಎರಿ ಪ್ಯೂಪಾಕ್ಕೆ ಸಾರ ಚುಚ್ಚಿದಾಗ ಅದು ಚಿಟ್ಟೆಯಾಗಿ ಬೆಳೆಯಿತು. ಹಾರ್ಮೋನು ಸಿಕ್ಕಿತು ಎಂದುಕೊಂಡರು. ಆದರೆ ಅದೇ ಸಾರ ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಲಿಲ್ಲ! ರೇಷ್ಮೆ ಹುಳುವಿನದೇ ಮಿದುಳಿನ ಅಣು ರೇಷ್ಮೆ ಹುಳುವಿನಲ್ಲಿ ನಡೆಯದೆ ಎರಿಯಲ್ಲಿ ನಡೆಯುತ್ತಿದೆ ಎಂದರೆ ಏನರ್ಥ?

1984ರಲ್ಲಿ ಅದರ ಅಮೈನೋ ಆಮ್ಲಗಳ ಸಾಲು ಓದಿದಾಗ ಉತ್ತರ ಬಂತು. ಅದು ನಮ್ಮ ಇನ್ಸುಲಿನ್‌ನ ನೆಂಟ. ಅದಕ್ಕೆ ಬಾಂಬಿಕ್ಸಿನ್ ಎಂದು ಹೆಸರಿಟ್ಟರು. ನಿಜವಾದ ಪಿಟಿಟಿಎಚ್ ಬೇರೆಯೇ ಇತ್ತು, ಅದರ ಜೀನ್ 1990ರಲ್ಲಿ ಗೊತ್ತಾಯಿತು. ಇನ್ಸುಲಿನ್ ಎಂದರೆ ಬೆನ್ನೆಲುಬಿರುವ ಪ್ರಾಣಿಗಳ ಸ್ವತ್ತು ಎಂಬ ಭಾವನೆ ಇದ್ದ ಕಾಲ ಅದು. ಒಂದು ಹುಳುವಿನ ಮಿದುಳಿನಲ್ಲಿ ಅದರ ನೆಂಟ ಸಿಕ್ಕಿದ್ದು ಕೀಟಗಳ ಹಸಿವನ್ನು ನೋಡುವ ದೃಷ್ಟಿಯನ್ನೇ ಬದಲಿಸಿತು.

ಬಾಂಬಿಕ್ಸಿನ್ ಮಾಡುವ ಕೆಲಸವೂ ಪರಿಚಿತವೇ. ಕೀಟಗಳ ರಕ್ತದಲ್ಲಿರುವ ಮುಖ್ಯ ಸಕ್ಕರೆ ಗ್ಲೂಕೋಸ್ ಅಲ್ಲ, ಟ್ರೆಹಲೋಸ್. ಹುಳು ಚೆನ್ನಾಗಿ ತಿಂದಾಗ ಮಿದುಳಿನಿಂದ ಬಾಂಬಿಕ್ಸಿನ್ ಹೊರಬರುತ್ತದೆ. ಅದು ಟ್ರೆಹಲೋಸ್ ಮಟ್ಟವನ್ನು ಇಳಿಸುತ್ತದೆ. ಎದುರು ದಿಕ್ಕಿನಲ್ಲಿ ಕೆಲಸ ಮಾಡುವ ಪೆಪ್ಟೈಡೂ ಇದೆ, ಎಕೆಎಚ್. ಇದರ ರಚನೆ 1976ರಲ್ಲಿ ಮಿಡತೆಗಳಲ್ಲಿ ತಿಳಿಯಿತು. ಮರುಭೂಮಿ ಮಿಡತೆಯ ದಂಡು ದಿನಕ್ಕೆ 100 ಕಿ.ಮೀ.ಗೂ ಹೆಚ್ಚು ಹಾರಬಲ್ಲದು. ರಕ್ತದ ಸಕ್ಕರೆ ಅಷ್ಟಕ್ಕೆಲ್ಲಿ ಸಾಲುತ್ತದೆ? ಎಕೆಎಚ್ ಬಂದು ಕೂಡಿಟ್ಟ ಕೊಬ್ಬನ್ನು ಕರಗಿಸಿ ರೆಕ್ಕೆಯ ಸ್ನಾಯುಗಳಿಗೆ ಒದಗಿಸುತ್ತದೆ. ಹಸಿದ ಹಣ್ಣುನೊಣ ಸುಮ್ನೆ ಕೂರದೆ ಆಹಾರಕ್ಕಾಗಿ ಓಡಾಡುವುದೂ ಎಕೆಎಚ್ ಇದ್ದರೆ ಮಾತ್ರ. ಆ ಪೆಪ್ಟೈಡ್ ತಯಾರಿಸುವ ಕೋಶಗಳನ್ನು ಇಲ್ಲವಾಗಿಸಿದರೆ ನೊಣ ಹಸಿದಿದ್ದರೂ ಆ ಚಡಪಡಿಕೆ ತೋರುವುದಿಲ್ಲ.

ಹಣ್ಣುನೊಣದ ಹೆಸರು ಬಂದ ಮೇಲೆ ಇನ್ನೆರಡು ಮಾತು. ಬಾಳೆಹಣ್ಣು ಕಳಿತರೆ ಅಡುಗೆಮನೆಗೆ ಬರುವ ಆ ಪುಟ್ಟ ನೊಣದಲ್ಲಿ ಹಸಿವಿನ ಅಧ್ಯಯನ ಬಹಳ ಮುಂದೆ ಹೋಗಿದೆ. ಹೊಟ್ಟೆ ಖಾಲಿಯಾದಾಗ ಅದರ ಇನ್ಸುಲಿನ್ ಇಳಿಯುತ್ತದೆ. ಆಗ ವಾಸನೆ ಹಿಡಿಯುವ ನರಕೋಶಗಳಲ್ಲಿ ಎಸ್‌ಎನ್‌ಪಿಎಫ್ ಎಂಬ ಪೆಪ್ಟೈಡಿನ ಗ್ರಾಹಕಗಳು ಜಾಸ್ತಿಯಾಗುತ್ತವೆ. ಆಹಾರದ ವಾಸನೆಗೆ ಆ ಕೋಶಗಳು ಹೆಚ್ಚು ಚುರುಕಾಗಿ ಸ್ಪಂದಿಸುತ್ತವೆ. ಹಸಿದಾಗ ಒಗ್ಗರಣೆಯ ಘಮ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ನೊಣದಲ್ಲಿ ಮೂಗಿನ ಮಟ್ಟದಲ್ಲೇ ಆ ಬದಲಾವಣೆ ಆಗುತ್ತದೆ. ಇದೇ ಎಸ್‌ಎನ್‌ಪಿಎಫ್ ಅನ್ನು ರೇಷ್ಮೆ ಹುಳುವಿಗೆ ಚುಚ್ಚಿದರೆ ಅದು ಬೇಗ ತಿನ್ನಲು ಶುರು ಮಾಡುತ್ತದೆ.

ಇನ್ನೊಂದು ಮಾತು ಕೊಬ್ಬಿನದು. ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಎಂದು ನೊಣದ ಕೊಬ್ಬಿನ ಅಂಗವೇ ಒಂದು ಪ್ರೋಟೀನಿನ ಮೂಲಕ ಮಿದುಳಿಗೆ ತಿಳಿಸುತ್ತದೆ. ಆ ಪ್ರೋಟೀನ್ ಇಲ್ಲದ ನೊಣಗಳು ಸೊರಗಿದ್ದವು. 2012ರಲ್ಲಿ ಅವುಗಳಿಗೆ ಮನುಷ್ಯರ ಲೆಪ್ಟಿನ್ ಜೀನ್ ಹಾಕಿ ನೋಡಿದರು. ಲೆಪ್ಟಿನ್ ನಮ್ಮ ಕೊಬ್ಬು ಮಿದುಳಿಗೆ ಕಳಿಸುವ ಸುದ್ದಿ. ನೊಣಗಳು ಚೇತರಿಸಿಕೊಂಡವು.

ರಕ್ತ ಹೀರಿದ ಸೊಳ್ಳೆ

ಡೆಂಗಿ ಹರಡುವ ಈಡಿಸ್ ಹೆಣ್ಣು ಸೊಳ್ಳೆ ತನ್ನ ತೂಕಕ್ಕಿಂತ ಹೆಚ್ಚು ರಕ್ತವನ್ನು ಒಂದೇ ಸಲ ಹೀರುತ್ತದೆ. ಆ ಭಾರದಲ್ಲಿ ಹಾರುವುದು ಕಷ್ಟ. ರಕ್ತದ ಉಪ್ಪು ಮತ್ತು ನೀರೂ ಮೈಗೆ ಅಪಾಯ. ಹೀಗಾಗಿ ಇನ್ನೂ ಹೀರುತ್ತಿರುವಾಗಲೇ ಅದು ಮೂತ್ರ ಹನಿಸಲು ಶುರು ಮಾಡುತ್ತದೆ. ಇದನ್ನು ಮಾಡಿಸುವುದು ಮೂತ್ರ ಹೆಚ್ಚಿಸುವ ಪೆಪ್ಟೈಡ್‌ಗಳು. ಮಿದುಳಿನ ಇನ್ಸುಲಿನ್ ನೆಂಟರು ಮತ್ತು ಇನ್ನೊಂದು ಪೆಪ್ಟೈಡ್ ಸೇರಿ ಅಂಡಾಶಯವನ್ನು ಎಚ್ಚರಿಸುತ್ತವೆ. ರಕ್ತದ ಪ್ರೋಟೀನು ಮೊಟ್ಟೆಯ ಹಳದಿಯಾಗಿ ಬದಲಾಗಲು ಅದೇ ಆರಂಭ. ಇದೆಲ್ಲ ನಡೆಯುವ ಮೂರು ನಾಲ್ಕು ದಿನ ಸೊಳ್ಳೆಗೆ ಮನುಷ್ಯರ ಮೇಲೆ ಆಸಕ್ತಿಯೇ ಹೋಗಿರುತ್ತದೆ.

ಆ ನಿರಾಸಕ್ತಿಯ ಹಿಂದೆ ಒಂದು ಗ್ರಾಹಕವಿದೆ. ನಮ್ಮ ಮಿದುಳಿನಲ್ಲಿ ಹಸಿವನ್ನು ನಡೆಸುವ ನ್ಯೂರೋಪೆಪ್ಟೈಡ್ ವೈ ಎಂಬುದರ ಗ್ರಾಹಕಕ್ಕೆ ಅದು ಹತ್ತಿರದ್ದು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಲಾರಾ ಡುವಾಲ್ ಮತ್ತು ಲೆಸ್ಲಿ ವೊಶಾಲ್ ತಂಡ ಮನುಷ್ಯರ ಹಸಿವಿನ ಗ್ರಾಹಕಗಳಿಗೆಂದು ತಯಾರಿಸಿದ ಔಷಧಿಗಳನ್ನೇ ಹಸಿದ ಸೊಳ್ಳೆಗಳಿಗೆ ಕುಡಿಸಿತು. ರಕ್ತ ಹೀರದೆಯೇ ಸೊಳ್ಳೆಗಳು ಮನುಷ್ಯರ ವಾಸನೆಯತ್ತ ಬರುವುದು ಕಡಿಮೆಯಾಯಿತು. ಆಮೇಲೆ ಎರಡು ಲಕ್ಷಕ್ಕೂ ಹೆಚ್ಚು ರಾಸಾಯನಿಕಗಳನ್ನು ಜಾಲಾಡಿ, ಸೊಳ್ಳೆಯ ಗ್ರಾಹಕಕ್ಕೆ ಹಿಡಿಯುವ ಅಣುಗಳನ್ನು ಹುಡುಕಿತು. 2019ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅದರ ಯೋಚನೆ: ಸೊಳ್ಳೆಯನ್ನು ಕೊಲ್ಲಬೇಕಿಲ್ಲ, ಅದಕ್ಕೆ ಹೊಟ್ಟೆ ತುಂಬಿದೆ ಎಂದು ನಂಬಿಸಿದರೂ ಕಚ್ಚುವುದು ನಿಲ್ಲುತ್ತದೆ.

ತಾಯಿ ಮೊಟ್ಟೆಯಲ್ಲಿದ್ದಾಗಿನ ಬಿಸಿಲು

ತಿಂದದ್ದು ಎಲ್ಲಿಗೆ ಹೋಗಬೇಕು ಎಂದು ಪೆಪ್ಟೈಡ್ ತೀರ್ಮಾನಿಸುವುದಕ್ಕೆ ರೇಷ್ಮೆ ಮೊಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೈಸೂರು ತಳಿಯ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ವರ್ಷವಿಡೀ ಬೆಳೆ ಸಾಧ್ಯವಾಗುವುದು ಅದರಿಂದಲೇ. ಚಳಿದೇಶಗಳಿಂದ ಬಂದ, ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿ ಹುಳುಗಳು ಹಾಗಲ್ಲ. ಅವುಗಳ ಮೊಟ್ಟೆ ಸಾಮಾನ್ಯವಾಗಿ ಕಪ್ಪಗಾಗಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಚಳಿಗಾಲ ಕಳೆದು ಹಿಪ್ಪುನೇರಳೆ ಚಿಗುರಿದಾಗಲೇ ಮರಿ ಹೊರಬರಲಿ ಎಂಬ ಏರ್ಪಾಡು ಅದು. ಮೊಟ್ಟೆ ನಿದ್ದೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುವುದು ಮೊಟ್ಟೆಯಲ್ಲ, ಅದರ ತಾಯಿ. ಅದೂ ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಕಂಡ ಹವೆಯ ಮೇಲೆ! 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಇಟ್ಟ ಮೊಟ್ಟೆಯಿಂದ ಬಂದ ಹೆಣ್ಣು ಮುಂದೆ ಚಿಟ್ಟೆಯಾಗಿ ನಿದ್ದೆ ಹೋಗುವ ಮೊಟ್ಟೆ ಇಡುತ್ತದೆ. 15 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟರೆ ಅದೇ ತಳಿಯ ಹೆಣ್ಣು ಕೂಡಲೇ ಒಡೆಯುವ ಮೊಟ್ಟೆ ಇಡುತ್ತದೆ.

1951ರಲ್ಲಿ ಜಪಾನಿನ ಫುಕುದಾ ಮತ್ತು ಹಸೆಗಾವಾ ಬೇರೆ ಬೇರೆಯಾಗಿ ಇದರ ಮೂಲ ಹುಡುಕಿದರು. ಹೆಣ್ಣು ಪ್ಯೂಪಾದ ಬಾಯಿಯ ಕೆಳಗಿನ ಒಂದು ನರಗಂಟಿನಲ್ಲಿ ಅದು ಇತ್ತು. ಆ ಗಂಟನ್ನು ಬೇರೆ ಪ್ಯೂಪಾಕ್ಕೆ ಕಸಿ ಮಾಡಿದರೆ ಅದೂ ನಿದ್ದೆಯ ಮೊಟ್ಟೆ ಇಟ್ಟಿತು. ಹಾರ್ಮೋನು 24 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್. ಅದು ಬೆಳೆಯುತ್ತಿರುವ ಅಂಡಾಶಯವನ್ನು ಮುಟ್ಟಿ, ತಾಯಿಯ ರಕ್ತದ ಟ್ರೆಹಲೋಸನ್ನು ಹೆಚ್ಚಾಗಿ ಒಳಗೆಳೆದು ಗ್ಲೈಕೋಜನ್ ಆಗಿ ಕೂಡಿಡುವಂತೆ ಮಾಡುತ್ತದೆ. ನಿದ್ದೆಯ ಕಾಲದಲ್ಲಿ ಆ ಗ್ಲೈಕೋಜನ್ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಬದಲಾಗುತ್ತದೆ. ತಾಯಿ ಹುಳುವಾಗಿದ್ದಾಗ ತಿಂದ ಸೊಪ್ಪಿನ ಸಕ್ಕರೆ ಹೀಗೆ ಮಗುವಿನ ಚಳಿಗಾಲದ ದಾಸ್ತಾನಾಗುತ್ತದೆ.

ನಮ್ಮ ರಾಜ್ಯದಲ್ಲಿ ದ್ವಿತಳಿ ಬೆಳೆಗೆ ಇಷ್ಟು ಕಾಯುವ ಹಾಗಿಲ್ಲ. ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಮೊಟ್ಟೆ ಇಟ್ಟ ಸುಮಾರು 20 ಗಂಟೆಗೆ ಅದನ್ನು 46 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು ಐದು ನಿಮಿಷ ಅದ್ದಿ ತೊಳೆಯುತ್ತಾರೆ. ನಿದ್ದೆ ತಪ್ಪುತ್ತದೆ, ಮೊಟ್ಟೆ ಹತ್ತು ಹನ್ನೊಂದು ದಿನದಲ್ಲಿ ಒಡೆಯುತ್ತದೆ. ಪೆಪ್ಟೈಡ್ ಹಾಕಿದ ಬೀಗವನ್ನು ತೆಗೆಯುವ ಈ ಆಮ್ಲಸ್ನಾನ ಸ್ವಲ್ಪ ಹೆಚ್ಚಾದರೂ ಮೊಟ್ಟೆ ಸಾಯುತ್ತದೆ. ಹಾಗಾಗಿ ಅಳತೆ, ಸಮಯ ಎರಡರಲ್ಲೂ ಬಹಳ ಎಚ್ಚರ ಬೇಕು.

ಉದ್ದನೆಯ ಪ್ರೋಟೀನು ತುಂಡಾಗುವ ಮಾತು ನೆನಪಿದೆಯಲ್ಲ? ಈ ನಿದ್ದೆಯ ಹಾರ್ಮೋನು ಬರುವ ಪ್ರೋಟೀನಿನಲ್ಲಿ ಒಟ್ಟು ಐದು ಪೆಪ್ಟೈಡ್‌ಗಳಿವೆ. ಅವುಗಳಲ್ಲೊಂದು ಪಿಬಿಎಎನ್, 33 ಅಮೈನೋ ಆಮ್ಲಗಳದು. ಚಿಟ್ಟೆ ಗೂಡಿನಿಂದ ಹೊರಬಂದ ಮೇಲೆ ಗಂಡನ್ನು ಕರೆಯುವ ವಾಸನೆಯನ್ನು ಅದರ ಮೈ ತಯಾರಿಸುವುದು ಈ ಪಿಬಿಎಎನ್ ಹೇಳಿದಾಗ. ಒಂದೇ ಜೀನ್ ಸಂಗಾತಿಯನ್ನು ಕರೆಯುವ ಕೆಲಸಕ್ಕೂ ಮಗುವಿಗೆ ದಾಸ್ತಾನು ಮಾಡುವ ಕೆಲಸಕ್ಕೂ ಒದಗುತ್ತದೆ.

ಪೆಪ್ಟೈಡ್‌ಗಳನ್ನೇ ಕೀಟನಾಶಕ ಮಾಡಬಹುದಲ್ಲ ಎಂಬ ಆಸೆ ವಿಜ್ಞಾನಿಗಳಿಗೆ ಹಳೆಯದು. ಅಡ್ಡಿಗಳೂ ಇವೆ. ಪೆಪ್ಟೈಡನ್ನು ಕೀಟ ತಿಂದರೆ ಕರುಳಿನಲ್ಲೇ ಜೀರ್ಣವಾಗುತ್ತದೆ. ಮೈಮೇಲೆ ಬಿದ್ದರೆ ಮೇಣದ ಹೊದಿಕೆ ದಾಟುವುದಿಲ್ಲ. ಅದಕ್ಕೆ ಸುಲಭವಾಗಿ ಒಡೆಯದಂತೆ ಸ್ವಲ್ಪ ಬದಲಿಸಿದ ಪೆಪ್ಟೈಡ್‌ಗಳ ಮೇಲೆ ಕೆಲಸ ನಡೆದಿದೆ. ಪಿಬಿಎಎನ್ ಗುಂಪು, ಮೂತ್ರ ಹೆಚ್ಚಿಸುವ ಪೆಪ್ಟೈಡ್‌ಗಳು ಮುಖ್ಯ ಗುರಿ. ಒಂದು ಜಾತಿಯ ಕೀಟಕ್ಕೆ ಮಾತ್ರ ತಾಗಿ ಜೇನುಹುಳುವಿಗೆ ತೊಂದರೆ ಮಾಡದ ಔಷಧಿ ಬೇಕೆನ್ನುವುದು ಆಸೆ. ಆದರೆ ತೊಗರಿಯ ಕಾಯಿಕೊರಕವೂ ರೇಷ್ಮೆ ಹುಳುವೂ ಪತಂಗಗಳ ಗುಂಪಿನವೇ. ಅವುಗಳ ಪಿಬಿಎಎನ್ ಕೂಡ ಬಹಳ ಮಟ್ಟಿಗೆ ಒಂದೇ ತರಹ ಇದೆ. ಕೊರಕದ ಹಸಿವನ್ನೋ ಜೋಡಿಯನ್ನೋ ಕೆಡಿಸಲು ತಯಾರಿಸಿದ ಅಣು ಪಕ್ಕದ ತೋಟದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಮೊದಲು ರೇಷ್ಮೆ ಹುಳುವಿನ ಮೇಲೇ ಪರೀಕ್ಷಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದಂಥ ಕಡೆ ಬೇರೆ ಬೆಳೆಗಳ ಹೊಲಕ್ಕೂ ಹಿಪ್ಪುನೇರಳೆ ತೋಟಕ್ಕೂ ಎಷ್ಟೋ ಸಲ ನಡುವೆ ಇರುವುದು ಒಂದು ಬದು ಮಾತ್ರ.